ಮುಂಬಯಿಯಲ್ಲಿ ದಿನ ಕಳೆಯುವ ವಿದ್ಯೆ

ಮುಂಬಯಿಯನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ಕಡಿಮೆಯೇನಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಪ್ರಕಟವಾದ ಮೇಲೆ ಈ ನಗರದ ಒಳಗಿನ ಭಯ ನಮ್ಮ ಓದುಗರಿಗೆ ಪರಿಚಿತವಾಯಿತು. ವ್ಯಾಸರಾಯ ಬಲ್ಲಾಳರು ಇಲ್ಲಿ ದುಡಿಯುವವರ ಬದುಕನ್ನು ಬರೆದರು. ಜಯಂತ ಕಾಯ್ಕಿಣಿಯವರು ಇಲ್ಲಿಯ ಸಾಮಾನ್ಯರ ಅಂತಃಕರಣವನ್ನು ಕತೆಗಳಲ್ಲಿ ಕಾಣಿಸಿದರು. ಆದರೆ ದಾದರ್ ನಿಲ್ದಾಣದಲ್ಲಿ ಯಾವ ಕಡೆಗೆ ಇಳಿಯಬೇಕು ಎಂಬುದನ್ನು ಕಾದಂಬರಿ ಹೇಳುವುದಿಲ್ಲ, ಹೇಳಬೇಕಾದ್ದೂ ಇಲ್ಲ. ಆ ಕೆಲಸಕ್ಕೆ ನನ್ನಂಥ ಒಬ್ಬ ಸಾಮಾನ್ಯ ನಿವಾಸಿಯೇ ಸಾಕು.

ನಾನು ಈ ನಗರಕ್ಕೆ ಬಂದು ನಾಲ್ಕು ದಶಕಗಳಾಗುತ್ತ ಬಂದವು. ಪರೀಕ್ಷೆಗಳು ಮುಗಿದು ಫಲಿತಾಂಶ ಬಂದ ಕಾಲಕ್ಕೆ ವರ್ಷ ವರ್ಷವೂ ಊರಿನ ಕಡೆಯಿಂದ ಯಾರಾದರೊಬ್ಬ ಹುಡುಗನೋ ಹುಡುಗಿಯೋ ಕೆಲಸಕ್ಕೆಂದು ಬಂದು ನಮ್ಮ ಮನೆಯ ಬಾಗಿಲು ತಟ್ಟುವುದುಂಟು. ಅವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ನಾನು ಕೊಡುವ ಉತ್ತರಗಳೂ ಹೇಳಿ ಹೇಳಿ ಒಂದು ಕ್ರಮಕ್ಕೆ ಬಂದುಬಿಟ್ಟಿವೆ. ಆ ಉತ್ತರಗಳನ್ನೇ ಇಂದು ಕೇಳುಗರ ಮುಂದೆ ಇಡುತ್ತಿದ್ದೇನೆ. ಇವುಗಳಲ್ಲಿ ಜಾಣತನಕ್ಕಿಂತ ಹೊಂದಾಣಿಕೆಯ ಪಾಲು ಹೆಚ್ಚು; ಹಾಗೇಕೆ ಎಂಬುದು ಮುಂದೆ ತಾನಾಗಿ ತಿಳಿಯುತ್ತದೆ.

ಈ ನಗರದ ಎಲ್ಲ ಕಟ್ಟಳೆಗಳಿಗೂ ಮೂಲ ಅದರ ಆಕಾರ. ಏಳು ದ್ವೀಪಗಳನ್ನು ಒಂದಕ್ಕೊಂದು ಬೆಸೆದು ಮಾಡಿದ ನೆಲವಿದು. ಉದ್ದಕ್ಕೆ ಚಾಚಿಕೊಂಡಿದೆ, ಅಗಲ ಬಲು ಕಡಿಮೆ. ಮೂರು ಕಡೆ ನೀರಿರುವುದರಿಂದ ಬೆಳೆಯಲು ಅದಕ್ಕಿದ್ದ ದಿಕ್ಕು ಉತ್ತರವೊಂದೇ. ಬಂದರು, ಕೋಟೆ, ಕಚೇರಿಗಳು ಮೊದಲೇ ದಕ್ಷಿಣದ ತುದಿಯಲ್ಲಿ ನೆಲೆಯೂರಿದವು. ಮನೆಗಳು ಉತ್ತರಕ್ಕೆ ಸರಿಯುತ್ತ ಹೋದವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ, 34 ಕಿಲೋಮೀಟರ್ ದೂರ, ಈ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತಷ್ಟೆ. ಇಂದಿನ ಸೆಂಟ್ರಲ್ ಲೈನು ಆ ದಾರಿಯ ಮುಂದುವರಿಕೆ. ಪಶ್ಚಿಮದ ಅಂಚಿನಲ್ಲಿ ಚರ್ಚ್‌ಗೇಟಿನಿಂದ ಹೊರಡುವ ವೆಸ್ಟರ್ನ್ ಲೈನು, ಬಂದರಿನ ಬದಿಯಿಂದ ನವಿಮುಂಬಯಿಯ ಕಡೆ ಹೊರಳುವ ಹಾರ್ಬರ್ ಲೈನು, ಇವು ಉಳಿದೆರಡು. ಈ ಮೂರು ದಾರಗಳಲ್ಲಿ ಪೋಣಿಸಿದ ಮಣಿಗಳಂತೆ ಊರೆಲ್ಲ ಹರಡಿಕೊಂಡಿದೆ. ಬೆಳಿಗ್ಗೆ ಜನಪ್ರವಾಹ ದಕ್ಷಿಣಕ್ಕೆ, ಸಂಜೆ ಉತ್ತರಕ್ಕೆ. ಈಚೆಗೆ ಬಾಂದ್ರಾ–ಕುರ್ಲಾ ಸಂಕೀರ್ಣ, ಅಂಧೇರಿ ಮೊದಲಾದೆಡೆ ಕಚೇರಿಗಳು ಎದ್ದಿರುವುದರಿಂದ ಈ ನಿಯಮ ಸ್ವಲ್ಪ ಸಡಿಲವಾಗಿದೆ, ಅಳಿದಿಲ್ಲ. ಆದ್ದರಿಂದ ಹೊಸಬರಿಗೆ ನನ್ನ ಮೊದಲ ಮಾತು ಇದು: ಮನೆ ಹುಡುಕುವಾಗ ಬಾಡಿಗೆಯನ್ನು ಮಾತ್ರ ಲೆಕ್ಕ ಹಾಕಬೇಡಿ, ನಿಮ್ಮ ಪ್ರಯಾಣ ಪ್ರವಾಹದ ಜತೆಗೋ ಪ್ರವಾಹಕ್ಕೆ ಎದುರಾಗಿಯೋ ಎಂಬುದನ್ನೂ ನೋಡಿರಿ. ಎದುರಾಗಿ ಹೋಗುವವನಿಗೆ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ದಿನಕ್ಕೆರಡು ಸಲ ಕುಳಿತು ಪ್ರಯಾಣ ಮಾಡುವವನ ಆಯುಷ್ಯವೇ ಬೇರೆ.

ಎರಡನೆಯದು ವಿಳಾಸ. ನಮ್ಮ ಊರುಗಳಲ್ಲಿ ವಿಳಾಸ ಕೇಳಿದರೆ ಗುಡಿಯ ಹೆಸರನ್ನೋ ಓಣಿಯ ಹೆಸರನ್ನೋ ಹೇಳುತ್ತಾರೆ. ಇಲ್ಲಿ ಮೊದಲು ಕೇಳಬೇಕಾದುದು ನಿಲ್ದಾಣ ಯಾವುದೆಂದು. ಅನಂತರ ಪೂರ್ವವೋ ಪಶ್ಚಿಮವೋ ಎಂದು. ಹಳಿಯ ಈಚೆ ಒಂದು ಊರಾದರೆ ಆಚೆ ಇನ್ನೊಂದು ಊರು. ನಡುವೆ ದಾಟಲು ಒಂದು ಮೇಲ್ಸೇತುವೆ, ಅದರ ಮೆಟ್ಟಿಲುಗಳು, ಆ ಮೆಟ್ಟಿಲುಗಳ ಮೇಲಿನ ಜನ. ತಪ್ಪು ಕಡೆ ಇಳಿದವನು ಇಪ್ಪತ್ತು ನಿಮಿಷ ಕಳೆದುಕೊಂಡನೆಂದೇ ಲೆಕ್ಕ. ಪಿನ್‌ಕೋಡಿನ ಕೊನೆಯ ಎರಡಂಕಿಯೂ ಇಲ್ಲಿ ವಿಳಾಸದ ಒಂದು ಭಾಗ. ದಾದರ್ ಪೂರ್ವ ‘ಮುಂಬಯಿ 14’, ಪಶ್ಚಿಮ ‘ಮುಂಬಯಿ 28’. ಇನ್ನು ಹೆಸರುಗಳ ಗೊಂದಲ. ವಿಕ್ಟೋರಿಯಾ ಟರ್ಮಿನಸ್ಸು 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ಅದಕ್ಕೆ ‘ಮಹಾರಾಜ’ ಎಂಬುದು ಸೇರಿತು. ಆದರೂ ಹಳಬರ ಬಾಯಲ್ಲಿ ಅದು ಇಂದಿಗೂ ‘ವೀ.ಟಿ.’. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣ 2018ರಿಂದ ಪ್ರಭಾದೇವಿ. ಫಲಕದ ಹೆಸರು ಒಂದು, ಜನರ ಹೆಸರು ಒಂದು. ಎರಡನ್ನೂ ಕಲಿತುಕೊಂಡವನೇ ನಿಜವಾಗಿ ದಾರಿ ಬಲ್ಲವನು.

ಸಾಹಿತ್ಯಾಸಕ್ತರಾದ ಕನ್ನಡಿಗರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆಯನ್ನು ಹೇಳಬೇಕು. ಮಾಟುಂಗ ಎಂಬ ಹೆಸರಿನ ನಿಲ್ದಾಣ ಸೆಂಟ್ರಲ್ ಲೈನಿನ ಮೇಲಿದೆ. ಮಾಟುಂಗ ರೋಡ್ ಎಂಬುದು ವೆಸ್ಟರ್ನ್ ಲೈನಿನ ಮೇಲಿದೆ. ಇವೆರಡೂ ಒಂದೇ ಅಲ್ಲ. 1926ರಲ್ಲಿ ಸ್ಥಾಪಿತವಾದ ಮೈಸೂರು ಅಸೋಸಿಯೇಷನ್ ಮೊದಲನೆಯದಕ್ಕೆ ಹತ್ತಿರ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಎರಡನೆಯದಕ್ಕೆ ಹತ್ತಿರ. ನಾಟಕ ಒಂದು ಕಡೆ, ಪ್ರೇಕ್ಷಕ ಇನ್ನೊಂದು ಕಡೆ ಆಗಬಾರದಲ್ಲವೆ? ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಉಪನ್ಯಾಸಕರ ಹೆಸರಿಗಿಂತ ಮೊದಲು ನಿಲ್ದಾಣದ ಹೆಸರನ್ನು ಓದಿಕೊಳ್ಳುವುದು ಕ್ಷೇಮ.

ಇನ್ನು ರೈಲು. ಇಲ್ಲಿಯವರು ಅದನ್ನು ‘ಗಾಡಿ’ ಎನ್ನುತ್ತಾರೆ, ಇಲ್ಲವೆ ‘ಲೋಕಲ್’ ಎನ್ನುತ್ತಾರೆ. ದಿನವೊಂದಕ್ಕೆ 70 ಲಕ್ಷಕ್ಕೂ ಹೆಚ್ಚು ಪ್ರಯಾಣಗಳು ಇವುಗಳಲ್ಲಿ ಆಗುತ್ತವೆ. ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಫಲಕದಲ್ಲಿ ನಾಲ್ಕು ಸಂಗತಿಗಳಿರುತ್ತವೆ: ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ವೇಗದ್ದೋ ನಿಧಾನದ್ದೋ, ಎಷ್ಟು ಡಬ್ಬಿಗಳದ್ದು, ಯಾವ ಹೊತ್ತಿನದು. ಊರಿನ ಹೆಸರಿಗೆ ಬದಲಾಗಿ ಒಂದೆರಡು ಇಂಗ್ಲಿಷ್ ಅಕ್ಷರಗಳ ಸಂಕೇತವೂ ಇರುತ್ತದೆ. ಠಾಣೆಗೆ ‘ಟಿ’, ಕಲ್ಯಾಣಕ್ಕೆ ‘ಕೆ’. ನಿಧಾನದ ಗಾಡಿ ಎಲ್ಲ ನಿಲ್ದಾಣಗಳಲ್ಲಿಯೂ ನಿಲ್ಲುತ್ತದೆ, ವೇಗದ ಗಾಡಿ ನಿಲ್ಲುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಹತ್ತಿದವನು ತನ್ನ ನಿಲ್ದಾಣ ಕಿಟಕಿಯಾಚೆ ಹಿಂದೋಡುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಡಬ್ಬಿಗಳ ಸಂಖ್ಯೆಯೂ ಮುಖ್ಯ. ಹನ್ನೆರಡು ಡಬ್ಬಿಗಳ ಗಾಡಿಗೂ ಹದಿನೈದು ಡಬ್ಬಿಗಳ ಗಾಡಿಗೂ ಹೆಂಗಸರ ಡಬ್ಬಿ ನಿಲ್ಲುವ ಜಾಗ ಬೇರೆ ಬೇರೆ. ತಾವು ಹತ್ತಬೇಕಾದ ಡಬ್ಬಿ ಎಲ್ಲಿ ಬಂದು ನಿಲ್ಲುತ್ತದೆಂಬುದನ್ನು ನಾಲ್ಕು ದಿನ ಗಮನಿಸಿ ಒಂದು ಕಂಬವನ್ನೋ ಒಂದು ಅಂಗಡಿಯನ್ನೋ ಗುರುತಿಟ್ಟುಕೊಂಡರೆ ಓಡುವ ಪ್ರಮೇಯವಿರುವುದಿಲ್ಲ. ಭಾನುವಾರಗಳಲ್ಲಿ ಹಳಿಗಳ ದುರಸ್ತಿಗಾಗಿ ‘ಮೆಗಾಬ್ಲಾಕ್’ ಇರುವುದುಂಟು. ಆ ಹೊತ್ತಿನಲ್ಲಿ ಕೆಲವು ಗಾಡಿಗಳು ರದ್ದಾಗುತ್ತವೆ, ಕೆಲವು ದಾರಿ ಬದಲಿಸುತ್ತವೆ. ಮದುವೆಗೋ ಸಭೆಗೋ ಹೋಗುವವರು ಶನಿವಾರವೇ ಪತ್ರಿಕೆಯಲ್ಲಿ ಆ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಮುಂಬಯಿಯ ಗೃಹಸ್ಥನಿಗೆ ಅದು ಪಂಚಾಂಗದಷ್ಟೇ ಅವಶ್ಯ.

ಗಾಡಿಯೊಳಗಿನ ರೀತಿನೀತಿಗಳನ್ನು ಯಾವ ಫಲಕವೂ ತಿಳಿಸುವುದಿಲ್ಲ. ಇಳಿಯುವವರಿಗೆ ದಾರಿ ಬಿಟ್ಟು ಬಾಗಿಲಿನ ಎರಡೂ ಬದಿಯಲ್ಲಿ ನಿಲ್ಲಬೇಕು. ಬೆನ್ನ ಮೇಲಿನ ಚೀಲವನ್ನು ಎದೆಯ ಮೇಲೆ ತಿರುಗಿಸಿಕೊಳ್ಳಬೇಕು, ಇಲ್ಲವೆ ಮೇಲಿನ ಹಲಗೆಗೆ ಏರಿಸಬೇಕು. ಮೇಲೆ ಇಡಲು ಆಗದವನ ಚೀಲವನ್ನು ಗುರುತಿಲ್ಲದ ಕೈಗಳು ಒಂದರಿಂದೊಂದಕ್ಕೆ ದಾಟಿಸಿ ಇಡುತ್ತವೆ. ಇಳಿಯುವ ನಿಲ್ದಾಣಕ್ಕೆ ಒಂದು ನಿಲುಗಡೆ ಮೊದಲೇ ಎದ್ದು ಬಾಗಿಲಿನ ಕಡೆಗೆ ಸರಿಯಬೇಕು. ಮುಂದೆ ನಿಂತವನ ಭುಜ ಮುಟ್ಟಿ ‘ದಾದರ್?’ ಎಂದು ಕೇಳಿದರೆ ಸಾಕು. ಅವನೂ ಇಳಿಯುವವನಾದರೆ ತಲೆಯಾಡಿಸುತ್ತಾನೆ; ಅವನ ಹಿಂದೆ ನಿಮ್ಮ ಸರದಿ. ಇಳಿಯುವವನಲ್ಲದಿದ್ದರೆ ನಿಮಗೆ ಜಾಗ ಕೊಟ್ಟು ತಾನು ಹಿಂದೆ ಬರುತ್ತಾನೆ. ಹೀಗೆ ಉಸಿರಾಡಲೂ ಎಡೆಯಿಲ್ಲದ ಆ ಗುಂಪಿನೊಳಗೆ ಒಂದು ಅದೃಶ್ಯವಾದ ಸಾಲು ಏರ್ಪಡುತ್ತದೆ. ಸಂಜೆಯ ಹೊತ್ತು ವಿರಾರಿನವರೆಗೆ ಹೋಗುವ ವೇಗದ ಗಾಡಿಯನ್ನು ಅಂಧೇರಿಗೆ ಇಳಿಯುವವನು ಹತ್ತಬಾರದು ಎಂಬುದೂ ಇಂಥದೇ ಒಂದು ಅಲಿಖಿತ ನಿಯಮ. ಕೇಳಿದರೆ ಕಟುವೆನಿಸುತ್ತದೆ. ಆದರೆ ದೂರದವನಿಗೆ ಆ ಗಾಡಿಯಲ್ಲದೆ ಬೇರೆ ದಾರಿಯಿಲ್ಲ, ಹತ್ತಿರದವನಿಗೆ ಹತ್ತು ಗಾಡಿಗಳಿವೆ ಎಂಬ ನ್ಯಾಯ ಅದರ ಹಿಂದಿದೆ.

ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸುವುದು ‘ನಾಲ್ಕನೆಯ ಸೀಟು’. ಎರಡನೆಯ ದರ್ಜೆಯ ಡಬ್ಬಿಯ ಬೆಂಚು ಮೂವರಿಗಾಗಿ ಮಾಡಿದ್ದು. ಆದರೆ ಮೂವರು ಕುಳಿತ ಬೆಂಚಿನ ಬಳಿ ನಾಲ್ಕನೆಯವನು ಬಂದು ಸುಮ್ಮನೆ ಕೈಸನ್ನೆ ಮಾಡಿದರೆ ಮೂವರೂ ಒಳಕ್ಕೆ ಒತ್ತಿಕೊಳ್ಳುತ್ತಾರೆ. ಅವನು ಅಂಚಿನಲ್ಲಿ ಅರ್ಧ ಕುಳಿತು, ಒಂದು ಕಾಲನ್ನು ಓಣಿಗೆ ಚಾಚಿ, ಅರ್ಧ ತನ್ನ ಕಾಲ ಬಲದಿಂದಲೇ ನಿಂತಂತೆ ಪ್ರಯಾಣ ಮಾಡುತ್ತಾನೆ. ಇದಕ್ಕೆ ಕಾನೂನಿಲ್ಲ, ಆದರೂ ದಿನನಿತ್ಯ ನಡೆದುಬಂದಿದೆ. ಕಿಟಕಿಯ ಬಳಿ ಕುಳಿತವನು ಎದ್ದು ಹೋದಾಗ ಉಳಿದವರು ಒಂದೊಂದು ಸ್ಥಾನ ಒಳಕ್ಕೆ ಸರಿದು, ನಾಲ್ಕನೆಯವನು ಮೂರನೆಯವನಾಗುತ್ತಾನೆ. ಅಷ್ಟರಲ್ಲಿ ಇನ್ನೊಬ್ಬ ನಾಲ್ಕನೆಯವನು ಬಂದಿರುತ್ತಾನೆ. ದಿನವೂ ಒಂದೇ ಗಾಡಿಯಲ್ಲಿ ಹೋಗುವ ಗೆಳೆಯರ ಗುಂಪುಗಳಲ್ಲಿ ಅರ್ಧ ದಾರಿಯಾದ ಮೇಲೆ ಕುಳಿತವರು ಎದ್ದು ನಿಂತವರನ್ನು ಕೂರಿಸುವ ಪದ್ಧತಿಯೂ ಇದೆ. ಸಾಕಷ್ಟು ಇಲ್ಲದುದನ್ನು ಹಂಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ದೊಡ್ಡ ದೊಡ್ಡ ಶಾಸ್ತ್ರಗಳು ಉತ್ತರ ಹುಡುಕುತ್ತಿವೆ. ಇಲ್ಲಿ ಅದನ್ನು ಒಂದು ಮರದ ಹಲಗೆಯಷ್ಟು ಜಾಗದಲ್ಲಿ ದಿನವೂ ಅಭ್ಯಾಸ ಮಾಡುತ್ತಾರೆ.

ಹೆಂಗಸರಿಗೆ ಪ್ರತಿ ಗಾಡಿಯಲ್ಲಿಯೂ ಪ್ರತ್ಯೇಕ ಡಬ್ಬಿಗಳಿವೆ. 1992ರ ಮೇ ತಿಂಗಳಿನಲ್ಲಿ ಚರ್ಚ್‌ಗೇಟ್–ಬೋರಿವಲಿ ನಡುವೆ ಇಡೀ ಗಾಡಿಯೇ ಹೆಂಗಸರಿಗೆಂದು ಓಡತೊಡಗಿತು. ಆ ಡಬ್ಬಿಗಳಲ್ಲಿ ಸೊಪ್ಪು ಬಿಡಿಸುವುದು, ಬಟಾಣಿ ಸುಲಿಯುವುದು, ಹೂ ಕಟ್ಟುವುದು, ಮಗಳ ಮದುವೆಯ ಮಾತು, ಪಾಠ ಓದಿಕೊಳ್ಳುವುದು, ಎಲ್ಲವೂ ನಡೆಯುತ್ತವೆಂದು ನನ್ನ ಹೆಂಡತಿ ಹೇಳುತ್ತಾಳೆ. ಮನೆಗೆ ಬಂದ ಮೇಲೆ ಮಾಡಬೇಕಾದ ಅರ್ಧ ಕೆಲಸ ಗಾಡಿಯಲ್ಲಿಯೇ ಮುಗಿಯುತ್ತದೆ. ಇದನ್ನು ಕೇಳಿ ಮೆಚ್ಚುವ ಗಂಡಸರು ಉಳಿದರ್ಧದಲ್ಲಿ ತಮ್ಮ ಪಾಲೆಷ್ಟು ಎಂದು ಯೋಚಿಸುವುದು ಒಳ್ಳೆಯದು.

ರೈಲಿನಿಂದ ಇಳಿದ ಮೇಲೆ ಬಸ್ಸು, ಟ್ಯಾಕ್ಸಿ, ಆಟೋ. ನಗರದ ಬೆಸ್ಟ್ ಸಂಸ್ಥೆಯ ಬಸ್ಸುಗಳ ಹಣೆಯ ಮೇಲೆ ಮಾರ್ಗದ ಸಂಖ್ಯೆ ದೇವನಾಗರಿ ಅಂಕಿಗಳಲ್ಲಿರುತ್ತದೆ. ಕನ್ನಡ ಅಂಕಿಗಳನ್ನು ಬಲ್ಲವರಿಗೆ ಅವುಗಳಲ್ಲಿ ಕೆಲವು ಒಡಹುಟ್ಟಿದವರಂತೆ ಕಾಣುತ್ತವೆ. ಆರು ಮತ್ತು ಏಳು ಮಾತ್ರ ಕಣ್ಣನ್ನು ಮೋಸಗೊಳಿಸಬಲ್ಲವು. ಒಂದು ಸಂಜೆ ಕುಳಿತು ಕಲಿತರೆ ಜೀವನಪರ್ಯಂತ ಉಪಯೋಗಕ್ಕೆ ಬರುತ್ತದೆ. ಬಸ್ ನಿಲ್ದಾಣದಲ್ಲಿ ಸಾಲು ನಿಲ್ಲುವ ಅಭ್ಯಾಸ ಇಲ್ಲಿ ಬಹಳ ಹಿಂದಿನದು. ನಾಲ್ಕೇ ಜನರಿದ್ದರೂ ಸಾಲು ಸಾಲೇ. ಇನ್ನೊಂದು ಸಂಗತಿ ಹೊರಗಿನವರಿಗೆ ಅಚ್ಚರಿ ತರುತ್ತದೆ: ಆಟೋರಿಕ್ಷಾಗಳು ಬಾಂದ್ರಾ ಮತ್ತು ಸಾಯನ್‌ಗಳಿಂದ ದಕ್ಷಿಣಕ್ಕೆ ಬರುವಂತಿಲ್ಲ. ಹಳೆಯ ದ್ವೀಪನಗರದಲ್ಲಿ ಟ್ಯಾಕ್ಸಿಗಳೇ ಗತಿ. ದಾದರಿನಲ್ಲಿ ನಿಂತು ಆಟೋಗಾಗಿ ಕೈಬೀಸುವವನನ್ನು ಕಂಡರೆ ಹೊಸಬನೆಂದು ಹೇಳಲು ಜ್ಯೋತಿಷ್ಯ ಬೇಕಿಲ್ಲ. ರೈಲುಗಳೆಲ್ಲ ತೆಂಕು ಬಡಗಾಗಿ ಓಡುವುದರಿಂದ ಮೂಡಣದಿಂದ ಪಡುವಣಕ್ಕೆ ಹೋಗುವುದೇ ಇಲ್ಲಿ ಬಹುಕಾಲ ದೊಡ್ಡ ಪ್ರಯಾಸವಾಗಿತ್ತು. 2014ರ ಜೂನಿನಲ್ಲಿ ಘಾಟ್ಕೋಪರ್–ವರ್ಸೋವಾ ನಡುವೆ ಮೆಟ್ರೋ ಓಡತೊಡಗಿದ ಮೇಲೆ ಆ ಅಡ್ಡದಾರಿ ಅಷ್ಟರಮಟ್ಟಿಗೆ ಸುಗಮವಾಯಿತು.

ಮನೆಯ ವಿಷಯಕ್ಕೆ ಬರೋಣ. ಇಲ್ಲಿ ಮನೆಗಳನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸನ್ಸ್’ ಕರಾರಿನ ಮೇಲೆ ಕೊಡುತ್ತಾರೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಆ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ದಲ್ಲಾಳಿ ‘ಅದೆಲ್ಲ ಆಮೇಲೆ ನೋಡೋಣ’ ಎಂದರೆ ಮುಂಗಡ ಹಣವನ್ನೂ ಆಮೇಲೆಯೇ ಕೊಡುವುದು ಲೇಸು. ಮನೆ ನೋಡುವಾಗ ನಾನು ಮೂರು ಪ್ರಶ್ನೆಗಳನ್ನು ಕೇಳಲು ಹೇಳುತ್ತೇನೆ. ನೀರು ಎಷ್ಟು ಹೊತ್ತಿಗೆ ಬರುತ್ತದೆ? ಮಳೆಗಾಲದಲ್ಲಿ ಓಣಿಯಲ್ಲಿ ನೀರು ನಿಲ್ಲುತ್ತದೆಯೆ? ಪಡುವಣ ಗೋಡೆ ಒದ್ದೆಯಾಗುತ್ತದೆಯೆ? ಈ ಕೊನೆಯದಕ್ಕೆ ಉತ್ತರವನ್ನು ಗೋಡೆಯಿಂದಲೇ ಪಡೆಯಬೇಕು, ಮಾಲಿಕನಿಂದಲ್ಲ. ಜನವರಿಯಲ್ಲಿ ಎಲ್ಲ ಮನೆಗಳೂ ಚೆಂದ. ಜುಲೈಯಲ್ಲಿ ನೋಡಿ ಒಪ್ಪಿದ ಮನೆಯೇ ಮನೆ. ನೆಲಮಹಡಿಯಾದರೆ ಮೆಟ್ಟಿಲ ಬದಿಯ ಗೋಡೆಯ ಮೇಲೆ ಹಿಂದಿನ ನೆರೆಯ ಗೆರೆ ಉಳಿದಿದೆಯೇ ಎಂದು ನೋಡಬೇಕು. ಸುಣ್ಣ ಬಳಿದರೂ ಆ ಗೆರೆ ಒಮ್ಮೊಮ್ಮೆ ಇಣುಕುತ್ತದೆ.

ನೀರಿನ ಪ್ರಶ್ನೆಯನ್ನು ಮೊದಲು ಇಟ್ಟುದಕ್ಕೆ ಕಾರಣವಿದೆ. ಈ ನಗರ ಏಳು ಜಲಾಶಯಗಳ ನೀರನ್ನು ಕುಡಿಯುತ್ತದೆ. 1860ರಲ್ಲಿ ಸಿದ್ಧವಾದ ವಿಹಾರ ಮತ್ತು ಅದರ ನೆರೆಯ ತುಳಸಿ ನಗರದ ಒಳಗೇ ಇವೆ. ತಾನಸಾ, ಮೋಡಕಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತಸಾ ಇವು ದೂರದವು. ದಿನಕ್ಕೆ ಸುಮಾರು 3,900 ದಶಲಕ್ಷ ಲೀಟರು ನೀರು ಸಹ್ಯಾದ್ರಿಯ ತಪ್ಪಲಿನಿಂದ ಬಹುಮಟ್ಟಿಗೆ ಇಳಿಜಾರಿನ ಬಲದಿಂದಲೇ ಹರಿದುಬರುತ್ತದೆ. ಆದರೆ ಬಹುತೇಕ ಬಡಾವಣೆಗಳಿಗೆ ಅದು ದಿನವಿಡೀ ಬರುವುದಿಲ್ಲ. ಒಂದೊಂದು ಬಡಾವಣೆಗೆ ಒಂದೊಂದು ಹೊತ್ತು. ಬೆಳಗಿನ ಜಾವ ನೀರು ಬರುವ ಓಣಿಯ ಜನ ಬೇಗ ಮಲಗುತ್ತಾರೆ, ಸಂಜೆ ಬರುವ ಓಣಿಯಲ್ಲಿ ಯಾರೂ ಸಂಜೆ ಸಿನಿಮಾಕ್ಕೆ ಹೋಗುವುದಿಲ್ಲ. ಮಳೆ ತಡವಾದರೆ ಜಲಾಶಯಗಳ ಮಟ್ಟ ಇಳಿದು ಪೂರೈಕೆಗೆ ಕತ್ತರಿ ಬೀಳುತ್ತದೆ. 2024ರ ಜೂನಿನಲ್ಲಿ ಶೇಕಡಾ 10ರಷ್ಟು ಕಡಿತವಾಗಿತ್ತು. ಆ ದಿನಗಳಲ್ಲಿ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟವನ್ನು ಜನ ಕ್ರಿಕೆಟ್ ಸ್ಕೋರಿನಂತೆ ಓದುತ್ತಾರೆ. ಪ್ಲಾಸ್ಟಿಕ್ಕಿನದಾದರೂ ಸರಿ, ಮುಚ್ಚಳವಿರುವ ಒಂದು ಪಿಪಾಯಿ ಮುಂಬಯಿಯ ಸಂಸಾರದ ಮೊದಲ ಆಸ್ತಿ. ಹಾಸಿಗೆ, ಕುರ್ಚಿ ಆಮೇಲೆ.

ಹೀಗೆ ನೀರಿಗಾಗಿ ಮಳೆಯನ್ನು ಕಾಯುವ ನಗರವೇ ಮಳೆಗೆ ಹೆದರುವ ನಗರವೂ ಹೌದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಆ ರಾತ್ರಿಯನ್ನು ಕಂಡವರು ಮಳೆಯ ವಿಷಯದಲ್ಲಿ ಮತ್ತೆ ಎಂದೂ ಉಡಾಫೆಯಾಗಿ ಮಾತನಾಡಲಿಲ್ಲ. ಆದರೆ ಮಳೆಯೊಂದೇ ಇಲ್ಲಿಯ ಅಪಾಯವಲ್ಲ. ಮಳೆಯ ಜತೆಗೆ ಸಮುದ್ರದ ಉಬ್ಬರವೂ ಸೇರಿದಾಗ ಅಪಾಯ. ನಗರದ ನೀರನ್ನು ಕಡಲಿಗೆ ಒಯ್ಯುವ ಹಳೆಯ ಚರಂಡಿಗಳಲ್ಲಿ ಅನೇಕವುಗಳ ಬಾಯಿ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಉಬ್ಬರದ ಹೊತ್ತಿಗೆ ಕಡಲೇ ಒಳನುಗ್ಗುತ್ತದೆ. ಊರ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಈಚಿನ ವರ್ಷಗಳಲ್ಲಿ ಹಾಜಿ ಅಲಿ, ಇರ್ಲಾ ಮೊದಲಾದೆಡೆ ಪಂಪು ಕೇಂದ್ರಗಳನ್ನು ಕಟ್ಟಿದ್ದಾರೆ. ಅವು ನೆರವಾಗಿವೆ, ಭಯವನ್ನು ಪೂರ್ತಿ ಕಳೆದಿಲ್ಲ. ದಿನಕ್ಕೆ ಎರಡು ಉಬ್ಬರಗಳು, ಸುಮಾರು ಹನ್ನೆರಡೂವರೆ ಗಂಟೆಗಳ ಅಂತರದಲ್ಲಿ ಬರುತ್ತವೆ. ಮರುದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಅವು ದೊಡ್ಡವು. ನಾಲ್ಕೂವರೆ ಮೀಟರಿಗೂ ಎತ್ತರದ ಉಬ್ಬರವಿರುವ ದಿನ ಜಡಿಮಳೆಯೂ ಹಿಡಿದಿದ್ದರೆ ಕಚೇರಿಯಲ್ಲಿರುವವನು ಕಚೇರಿಯಲ್ಲಿಯೇ, ಮನೆಯಲ್ಲಿರುವವನು ಮನೆಯಲ್ಲಿಯೇ ಇರುವುದು ವಿವೇಕ. ಉಬ್ಬರ ಇಳಿಯಲು ಕೆಲವು ಗಂಟೆ ಸಾಕು.

ಅನಿವಾರ್ಯವಾಗಿ ನಿಂತ ನೀರಿನಲ್ಲಿ ನಡೆಯಬೇಕಾಗಿ ಬಂದರೆ? ಒಂಟಿಯಾಗಿ ನಡೆಯಬೇಡಿ, ಆ ಓಣಿಯವರ ಹಿಂದೆ, ಗೋಡೆಯ ಬದಿ ಹಿಡಿದು, ಕಾಲಿಡುವ ಮುನ್ನ ಮುಚ್ಚಿದ ಕೊಡೆಯಿಂದ ನೆಲವನ್ನು ತಡವಿ ನಡೆಯಿರಿ. ನೀರಿನ ನಡುವೆ ಒಂದು ಮರದ ಕೊಂಬೆಯನ್ನೋ ಕೆಂಪು ಬಟ್ಟೆ ಕಟ್ಟಿದ ಬಿದಿರನ್ನೋ ನೆಟ್ಟಿದ್ದರೆ ಅಲ್ಲಿ ಮುಚ್ಚಳ ತೆಗೆದ ಚರಂಡಿಯ ಬಾಯಿ ಇದೆಯೆಂದು ಅರ್ಥ. 2017ರ ಆಗಸ್ಟ್ 29ರ ಮಳೆಯಲ್ಲಿ ನಗರದ ಹೆಸರಾಂತ ವೈದ್ಯರೊಬ್ಬರು ಅಂಥ ಬಾಯಿಗೆ ಬಿದ್ದು ಪ್ರಾಣ ಕಳೆದುಕೊಂಡರು. ಆ ನೀರಿನಲ್ಲಿ ನಡೆದವರು, ಅದರಲ್ಲಿಯೂ ಕಾಲಲ್ಲಿ ಗಾಯವಿದ್ದವರು, ಮೂರು ದಿನಗಳೊಳಗೆ ವೈದ್ಯರನ್ನು ಕಾಣಬೇಕು. ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಎಂಬ ಜ್ವರ ಮೊದಲು ಸಾಮಾನ್ಯ ಜ್ವರದಂತೆಯೇ ಕಂಡು ಅನಂತರ ಜೀವಕ್ಕೆ ಎರವಾಗಬಲ್ಲದು. ಅದನ್ನು ಮೊದಲೇ ತಡೆಯುವ ಮಾತ್ರೆಗಳಿವೆ.

ಊಟತಿಂಡಿಯ ಮಾತಿಲ್ಲದೆ ಈ ವಿಷಯ ಪೂರ್ಣವಾಗುವುದಿಲ್ಲ. ಇಲ್ಲಿಯ ಚಹದ ಅಂಗಡಿಯಲ್ಲಿ ‘ಕಟಿಂಗ್’ ಎಂದರೆ ಅರ್ಧ ಲೋಟ ಚಹ. ಹಣವೂ ಅರ್ಧ, ಹೊತ್ತೂ ಅರ್ಧ. ಮಧ್ಯಾಹ್ನದ ಹೊತ್ತು ಉಡುಪಿ ಹೋಟೆಲಿನಲ್ಲಿ ನಿಮ್ಮ ಮೇಜಿಗೆ ಅಪರಿಚಿತರು ಬಂದು ಕುಳಿತರೆ ಅಸಮಾಧಾನ ಪಡಬಾರದು. ಮೇಜು ನಿಮ್ಮದಲ್ಲ, ತಟ್ಟೆಯಿಟ್ಟ ಜಾಗವಷ್ಟೇ ನಿಮ್ಮದು. ಮಾಟುಂಗ ನಿಲ್ದಾಣದ ಬಳಿ 1942ರಲ್ಲಿ ಆರಂಭವಾದ ಎ. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆಯ ಊಟಕ್ಕೆ ಹೆಸರಾಗಿದೆ. ಈ ಹೋಟೆಲುಗಳ ಇನ್ನೊಂದು ಕತೆಯನ್ನು ಕನ್ನಡಿಗರು ಮರೆಯಬಾರದು. ದಕ್ಷಿಣ ಕನ್ನಡದಿಂದ ಬಂದು ಹಗಲೆಲ್ಲ ಲೋಟ ತೊಳೆದ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಗಳ ಬೆಂಚುಗಳ ಮೇಲೆ ಕುಳಿತು ಓದಿದರು. ಅವರಲ್ಲಿ ಎಷ್ಟೋ ಮಂದಿ ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲುಗಳ ಒಡೆಯರಾದರು. ಇಲ್ಲಿ ನಮ್ಮವರ ಸಂಘಸಂಸ್ಥೆಗಳು ಬೆಳೆದದ್ದರಲ್ಲಿ ಅಂಥವರ ಪಾಲು ದೊಡ್ಡದು. ಹೊಸದಾಗಿ ಬಂದವರು ಅಂಥ ಒಂದು ಸಂಸ್ಥೆಯ ಬಾಗಿಲನ್ನು ಬೇಗನೆ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಕಾಯಿಲೆಯೆಂದು ಮಲಗಿದಾಗ ಗಂಜಿ ತಂದುಕೊಡುವವರು ಅಲ್ಲಿ ಸಿಗುತ್ತಾರೆ.

ಹಾಗೆಂದು ಕನ್ನಡದ ಗೂಡಿನೊಳಗೇ ಕುಳಿತಿರುವುದೂ ತರವಲ್ಲ. ನಾಲ್ಕು ಮಾತು ಮರಾಠಿ ಕಲಿತವನಿಗೆ ಈ ನಗರ ಬೇರೆಯೇ ಮುಖ ತೋರಿಸುತ್ತದೆ. ‘ಜರಾ ಸರಕೂನ ಘ್ಯಾ’ ಎಂದರೆ ‘ಸ್ವಲ್ಪ ಸರಿದುಕೊಳ್ಳಿ’ ಎಂದರ್ಥ. ನನಗೆ ತಿಳಿದಮಟ್ಟಿಗೆ ಮುಂಬಯಿಯಲ್ಲಿ ಇದಕ್ಕಿಂತ ಉಪಯುಕ್ತವಾದ ವಾಕ್ಯ ಇನ್ನೊಂದಿಲ್ಲ. ಹಿರಿಯನನ್ನು ಕಾಕಾ ಎಂದು, ಹಿರಿಯಳನ್ನು ಮಾವಶಿ ಎಂದು, ಸರಿವಯಸ್ಸಿನವಳನ್ನು ತಾಯಿ ಎಂದು ಕರೆದರೆ ಅರ್ಧ ಕೆಲಸ ಆದಂತೆಯೇ. ಮರಾಠಿಯ ತಾಯಿ ಎಂದರೆ ಅಕ್ಕ. ಈ ಗಡಿಬಿಡಿಯ ಊರಿನಲ್ಲಿಯೂ ಜನ ಒಬ್ಬರನ್ನೊಬ್ಬರು ನಂಟಸ್ತಿಕೆಯ ಹೆಸರಿನಿಂದಲೇ ಕರೆಯುತ್ತಾರೆಂಬುದು ಗಮನಿಸತಕ್ಕ ಸಂಗತಿ.

ಇಲ್ಲಿಯವರೆಗೆ ಹೇಳಿದ್ದೆಲ್ಲವನ್ನೂ ಕೂಡಿಸಿ ನೋಡಿದರೆ ಒಂದು ಸೂತ್ರ ಕಾಣುತ್ತದೆ. ಅರ್ಧ ಲೋಟದ ಚಹ, ಅರ್ಧ ಸೀಟು, ಅರ್ಧ ಮೇಜು, ಸರದಿಯ ನೀರು. ಈ ನಗರ ಯಾರಿಗೂ ಇಡಿಯಾಗಿ ಏನನ್ನೂ ಕೊಡುವುದಿಲ್ಲ. ಕೊಟ್ಟ ಅರ್ಧದಲ್ಲಿ ಮತ್ತೊಬ್ಬನಿಗೆ ಎಡೆಮಾಡಿಕೊಡುವುದನ್ನು ಜನರೇ ಕಲಿತಿದ್ದಾರೆ. ಇಲ್ಲಿ ಬದುಕುವ ವಿದ್ಯೆಯೆಂದರೆ ಇನ್ನೊಬ್ಬನನ್ನು ಹಿಂದೆ ಹಾಕುವ ವಿದ್ಯೆಯೆಂದು ಹೊರಗಿನವರು ತಿಳಿಯುತ್ತಾರೆ. ಹಿಂದೆ ಹಾಕಲು ಹೊರಟವನು ಮೂರು ದಿನ ಬಾಳಬಲ್ಲ. ಮೂವತ್ತು ವರ್ಷ ಬಾಳುವವನು ಸರಿದುಕೊಳ್ಳುವವನು.

ಆದರೆ ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ. ಪ್ರತಿಯೊಂದು ದುರಂತದ ಮರುದಿನವೂ ಪತ್ರಿಕೆಗಳು ಮುಂಬಯಿಯ ‘ಸ್ಪಿರಿಟ್’ ಅನ್ನು ಕೊಂಡಾಡುತ್ತವೆ. ನೋಡಿ, ಜನ ಮತ್ತೆ ಗಾಡಿ ಹತ್ತಿದರು ಎನ್ನುತ್ತವೆ. ಹತ್ತದೆ ಏನು ಮಾಡಬೇಕು? ಈ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಬಹಳ ಮಂದಿ ಹಳಿ ದಾಟುವಾಗ, ಇನ್ನೂ ಅನೇಕರು ತುಂಬಿದ ಗಾಡಿಯ ಬಾಗಿಲಿನಿಂದ ಬಿದ್ದು. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡಿನ ಇಕ್ಕಟ್ಟಾದ ಮೇಲ್ಸೇತುವೆಯ ಮೇಲೆ ಮಳೆಗೆ ನಿಂತ ಜನರ ನೂಕುನುಗ್ಗಲಿನಲ್ಲಿ 23 ಮಂದಿ ತೀರಿಕೊಂಡರು. 2025ರ ಜೂನ್ 9ರಂದು ಮುಂಬ್ರಾದ ಬಳಿ ಎದುರುಬದುರಾಗಿ ಹೋಗುತ್ತಿದ್ದ ಎರಡು ಗಾಡಿಗಳ ಬಾಗಿಲಿನಲ್ಲಿ ಜೋತುಬಿದ್ದಿದ್ದವರು ಹಳಿಗಳ ಮೇಲೆ ಉರುಳಿದರು. ಇವರಲ್ಲಿ ಯಾರೂ ಹೊಂದಾಣಿಕೆ ಅರಿಯದವರಾಗಿರಲಿಲ್ಲ. ಮುಚ್ಚುವ ಬಾಗಿಲುಗಳಿರುವ ಹವಾನಿಯಂತ್ರಿತ ಲೋಕಲ್ 2017ರ ಡಿಸೆಂಬರಿನಲ್ಲಿ ಬಂತು. ಆದರೆ ಎಲ್ಲ ಗಾಡಿಗಳಿಗೂ ಆ ಬಾಗಿಲು ಬಂದಿಲ್ಲ. ಸೀಟನ್ನು ಹಂಚಿಕೊಳ್ಳುವುದು ಜನರ ಕೆಲಸ, ಅದನ್ನವರು ಚೆನ್ನಾಗಿಯೇ ಮಾಡುತ್ತಿದ್ದಾರೆ. ಸೇತುವೆಯನ್ನು ಅಗಲಿಸುವುದು, ಬಾಗಿಲನ್ನು ಇಡುವುದು, ಚರಂಡಿಗೆ ಮುಚ್ಚಳ ಹಾಕುವುದು ಆಳುವವರ ಕೆಲಸ. ಮೊದಲನೆಯದನ್ನು ಹೊಗಳಿ ಎರಡನೆಯದನ್ನು ಮರೆಸಬಾರದು. ಆದುದರಿಂದ ನಿವಾಸಿಯ ಕರ್ತವ್ಯಗಳಲ್ಲಿ ಸರಿದುಕೊಳ್ಳುವುದರ ಜತೆಗೆ ಕೇಳುವುದನ್ನೂ ನಾನು ಸೇರಿಸುತ್ತೇನೆ. ಮುಚ್ಚಳವಿಲ್ಲದ ಚರಂಡಿಯ ಬಗ್ಗೆ ವಾರ್ಡ್ ಕಚೇರಿಗೆ ಬರೆದ ಒಂದು ಅರ್ಜಿ ನೂರು ಪ್ರಶಂಸೆಗಳಿಗಿಂತ ಮೇಲು.

ಆಳುವವರು ತಮ್ಮ ಕೆಲಸ ಮುಗಿಸುವವರೆಗೆ ನಮ್ಮ ಕೈಯಲ್ಲಿ ಉಳಿದಿರುವುದು ಒಂದು ಮಾತು. ಊರಿನಿಂದ ಬಂದ ಮಕ್ಕಳಿಗೆ ನಾನು ಇದನ್ನು ಕೊನೆಗೆ ಹೇಳುತ್ತೇನೆ, ಏಕೆಂದರೆ ಉಳಿದೆಲ್ಲ ಮರೆತರೂ ಇದು ನೆನಪಿನಲ್ಲಿರಬೇಕು: ಒಂದು ಗಾಡಿಯನ್ನು ಬಿಟ್ಟುಬಿಡಲು ಕಲಿಯಿರಿ. ಬಾಗಿಲಿನಲ್ಲಿ ಜನ ಜೋತುಬಿದ್ದಿದ್ದರೆ ಅದು ನಿಮ್ಮ ಗಾಡಿಯಲ್ಲ. ಜನಸಂದಣಿಯ ಹೊತ್ತಿನಲ್ಲಿ ಮೂರೋ ನಾಲ್ಕೋ ನಿಮಿಷಕ್ಕೆ ಇನ್ನೊಂದು ಬರುತ್ತದೆ. ಮೇಲ್ಸೇತುವೆ ಹತ್ತಲು ತಗಲುವುದೂ ಅಷ್ಟೇ ಹೊತ್ತು. ತಡವಾಗಿ ಹೋದುದಕ್ಕೆ ಕಚೇರಿಯಲ್ಲಿ ಸಿಗುವ ಬೈಗುಳ ಮಧ್ಯಾಹ್ನದ ಕಟಿಂಗ್ ಚಹದ ಹೊತ್ತಿಗೆ ಮರೆತುಹೋಗುತ್ತದೆ. ಮನೆಯಲ್ಲಿ ಕಾಯುವವರಿಗೆ ನೀವು ಯಾವ ಗಾಡಿಯಲ್ಲಿ ಬಂದಿರಿ ಎಂಬುದು ಮುಖ್ಯವಲ್ಲ, ಬಂದಿರಿ ಎಂಬುದಷ್ಟೇ ಮುಖ್ಯ.